ಪುರುಸೊತ್ತಿಲ್ಲ ಎಂಬ ಮಾತು



ನಮ್ಮ ವ್ಯಾಪಾರಸ್ಥ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಕಿವಿಗೆ ಬೀಳುತ್ತದೆಯೋ ಲೆಕ್ಕವಿಲ್ಲ. ಮಗಳ ಶಾಲೆಯಲ್ಲಿ ಪಾಲಕರ ಸಭೆ ಇದೆ, ಪುರುಸೊತ್ತಿಲ್ಲ. ಮೊಣಕಾಲು ನೋವು ಹೆಚ್ಚಾಗಿದೆ, ಡಾಕ್ಟರರಿಗೆ ತೋರಿಸಬೇಕು, ಪುರುಸೊತ್ತಿಲ್ಲ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೆಂಡತಿ ಮಕ್ಕಳು ಮುಂದೆ ಹೋಗಲಿ, ಯಜಮಾನರು ಊಟದ ಹೊತ್ತಿಗೆ ಬಂದು ಊಟ ಮುಗಿಯುವ ಮೊದಲೇ ಹೊರಡುತ್ತಾರೆ. ಯಾಕೆ ಎಂದು ಕೇಳಿದರೆ "ಸೀಜನ್ ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಸೀಜನ್ ಮುಗಿಯುತ್ತದೆ, ಅದರ ಬೆನ್ನಿಗೆ ಮದುವೆಯ ಸುಗ್ಗಿ ಬರುತ್ತದೆ. ಅದು ಇಳಿಯುವ ಹೊತ್ತಿಗೆ ಮಾರ್ಚ್ ಅಖೇರಿಯ ಲೆಕ್ಕ ಎದುರಿಗೆ ನಿಂತಿರುತ್ತದೆ.

ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಸೋಲಾಪುರದ ಜವಳಿ ಅಂಗಡಿಯಾಗಲಿ, ಜತ್ತಿನ ಕಿರಾಣಿಯಾಗಲಿ, ಆದವಾನಿಯ ಹತ್ತಿ ಅಡತಿಯಾಗಲಿ, ವಯನಾಡಿನ ಕಾಫಿ ಮೆಣಸಿನ ವ್ಯಾಪಾರವಾಗಲಿ, ದುಡಿಮೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆದರೆ ದಿನದ ಹನ್ನೆರಡು ತಾಸು ಎಲ್ಲಿ ಹೋದವು ಎಂದು ಹುಡುಕುತ್ತ ಹೋದರೆ, ಅವುಗಳಲ್ಲಿ ಎರಡು ಮೂರು ತಾಸು ಕೆಲಸಕ್ಕೆ ಹೋಗಿರುವುದಿಲ್ಲ. ನಮ್ಮ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಕುಳಿತುಬಿಟ್ಟಿರುವ ಕೆಲವು ನಂಬಿಕೆಗಳಿಗೆ ಹೋಗಿರುತ್ತವೆ. ಈ ಸಲ ಅವುಗಳ ಮಾತು.

ಮೊದಲು ನಮ್ಮಲ್ಲೇ ಇರುವ ಒಂದು ಸಂಗತಿಯನ್ನು ನೋಡಿರಿ. ರಾತ್ರಿಭೋಜನ ತ್ಯಾಗದ ವ್ರತ ಹಿಡಿದ ವ್ಯಾಪಾರಸ್ಥರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಚಳಿಗಾಲದಲ್ಲಿ ಸಂಜೆ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಗಿರಾಕಿ ಬರುವ ಹೊತ್ತೇ ಅದು. ಆದರೂ ಐದೂವರೆಗೆ ಅವರು ಗಲ್ಲೆ ಬಿಟ್ಟು ಏಳುತ್ತಾರೆ, ಮನೆಗೆ ಹೋಗಿ ಊಟ ಮಾಡಿ ಬರುತ್ತಾರೆ. ಆ ಮುಕ್ಕಾಲು ತಾಸು ತಮ್ಮನೋ, ಮಗನೋ, ಹಳೆಯ ದಿವಾನಜಿಯೋ ಅಂಗಡಿ ನೋಡಿಕೊಳ್ಳುತ್ತಾನೆ. ಇಪ್ಪತ್ತು ಮೂವತ್ತು ವರ್ಷ ಹೀಗೆ ನಡೆಸಿದವರ ಅಂಗಡಿಗಳು ಮುಚ್ಚಿಹೋಗಿವೆಯೇ? ಇಲ್ಲ. "ಇವತ್ತು ಹೋಗಲು ಪುರುಸೊತ್ತು ಇದೆಯೋ ಇಲ್ಲವೋ" ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದೇ ಇಲ್ಲ. ದಶಲಕ್ಷಣ ಪರ್ವದ ಹತ್ತು ದಿನವೂ ಹೀಗೆಯೇ. ಬೆಳಗಿನ ಅಭಿಷೇಕ ಪೂಜೆ ಮುಗಿಸಿ ಅಂಗಡಿಯ ಬಾಗಿಲು ತಡವಾಗಿ ತೆರೆಯುವ ಅದೇ ಮನುಷ್ಯ ಹನ್ನೊಂದನೆಯ ದಿನ ಮತ್ತೆ ಪುರುಸೊತ್ತಿಲ್ಲ ಎನ್ನುತ್ತಾನೆ. ಆ ಹತ್ತು ದಿನ ಹಗಲಿಗೆ ಎರಡು ತಾಸು ಯಾರೂ ಹೆಚ್ಚಿಗೆ ಕೊಟ್ಟಿರಲಿಲ್ಲ. ಆ ಹತ್ತು ದಿನ ಅವನು ಬೇರೊಂದನ್ನು ನಂಬಿದ್ದ, ಅಷ್ಟೇ.

ಇನ್ನು ಸಾಮಾನ್ಯ ದಿನಕ್ಕೆ ಬರೋಣ. ನಡುವಯಸ್ಸಿನ ಒಬ್ಬ ಜವಳಿ ವ್ಯಾಪಾರಿ ಎಂದು ಇಟ್ಟುಕೊಳ್ಳಿರಿ. ಅಂಗಡಿಯಲ್ಲಿ ನಾಲ್ಕು ಜನ ಹುಡುಗರಿದ್ದಾರೆ. ಸೀರೆ ತೋರಿಸುವುದು ಅವರು, ಕಡೆಯ ದರ ಹೇಳುವುದು ಮಾತ್ರ ಸಾಹುಕಾರರು. ಐವತ್ತು ರೂಪಾಯಿ ಬಿಡುವುದಕ್ಕೂ ಹುಡುಗ ಗಲ್ಲೆಯ ಹತ್ತಿರ ಬಂದು ಕಿವಿಯಲ್ಲಿ ಕೇಳಬೇಕು. ಟ್ರಾನ್ಸ್‌ಪೋರ್ಟಿನಿಂದ ಗಂಟು ಬಂದರೆ ಎಣಿಸುವುದು ಅವರೇ. ಬ್ಯಾಂಕಿಗೆ ಹೋಗುವುದು ಅವರೇ. ಖರೀದಿಯ ಬಿಲ್ಲುಗಳನ್ನು ಗಲ್ಲೆಯ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು, ತಿಂಗಳ ಒಂಬತ್ತನೆಯ ತಾರೀಖಿಗೆ ಹೊರತೆಗೆದು, "ಈ ಬಿಲ್ಲು ಯಾವಾಗಿನದು" ಎಂದು ನೆನಪಿಸಿಕೊಳ್ಳುವುದೂ ಅವರೇ. ರಾತ್ರಿ ಶಟರ್ ಅರ್ಧ ಇಳಿಸಿ ರೋಕಡ ತಾಳೆ ನೋಡುವಾಗ ಹನ್ನೆರಡು ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ಹುಡುಕುತ್ತ ಒಂದು ತಾಸು ಹೋಗುತ್ತದೆ.

ಇಂಥವರನ್ನು ಕೇಳಿದರೆ ಒಂದೇ ಉತ್ತರ: "ನಾ ನೋಡದಿದ್ದರ ಆಗಂಗಿಲ್ಲ." ಹುಡುಗರ ಮೇಲೆ ನಂಬಿಕೆ ಇಲ್ಲವೆಂದಲ್ಲ, ಹತ್ತು ವರ್ಷದಿಂದ ಇದ್ದ ಹುಡುಗರು. ತಾನಿಲ್ಲದೆ ಅಂಗಡಿ ನಡೆಯಬಾರದು ಎಂಬ ಆಸೆಯೂ ಅದರೊಳಗೆ ಸ್ವಲ್ಪ ಇರುತ್ತದೆ ಎಂದರೆ ಓದುಗರು ಬೇಸರ ಮಾಡಿಕೊಳ್ಳಬಾರದು. ಹುಡುಗನಿಗೆ "ನೂರಕ್ಕೆ ಐದರವರೆಗೆ ನೀನೇ ಬಿಡು, ಅದಕ್ಕೂ ಮೇಲಾದರೆ ಕೇಳು" ಎಂದು ಒಮ್ಮೆ ಹೇಳಿದರೆ ದಿನಕ್ಕೆ ಅರವತ್ತು ಸಲ ತಲೆ ಎತ್ತುವುದು ಹತ್ತು ಸಲಕ್ಕೆ ಇಳಿಯುತ್ತದೆ. ಆಗ ಒಂದೆರಡು ಸಲ ತಪ್ಪು ದರ ಹೋಗಬಹುದು. ಆ ನಷ್ಟವನ್ನೂ, ನಮ್ಮ ತಾಸುಗಳ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡಿದವರು ಕಡಿಮೆ. ವ್ಯಾಪಾರದ ಮನೆಯಲ್ಲಿ ಹುಟ್ಟಿಯೂ ನಾವು ಈ ಒಂದು ಲೆಕ್ಕವನ್ನು ಮಾತ್ರ ಹಾಕುವುದಿಲ್ಲ.

ಸೋಲಾಪುರದ ದಿಗಂಬರ ಜೈನ ಮನೆಯಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಮನೆಯ ಕಸುಬು ಹತ್ತಿ ವ್ಯಾಪಾರ ಮತ್ತು ಲೇವಾದೇವಿ. ಅದನ್ನು ಬಿಟ್ಟು ಅವರು ರೈಲ್ವೆ ಕಾಮಗಾರಿಯ ಗುತ್ತಿಗೆಗೆ ಇಳಿದರು. ರೈಲಿನ ಹಳಿ ಹಾಕುವುದು ಅವರಿಗೇನು ಗೊತ್ತಿತ್ತು? ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಎದ್ದಾಗ ನರೋತ್ತಮ ಮೊರಾರ್ಜಿಯವರು ಜೊತೆಗಿದ್ದರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿದ್ದು ಮೈಸೂರು ಸರಕಾರದ ಜೊತೆಗೂಡಿ. ಪ್ರತಿಯೊಂದು ಗಂಟನ್ನೂ ತಾನೇ ಎಣಿಸಬೇಕು ಎಂದು ಕುಳಿತಿದ್ದರೆ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇಷ್ಟು ಕೆಲಸ ಹಿಡಿಸುತ್ತಿರಲಿಲ್ಲ. ನಾವೆಲ್ಲ ವಾಲಚಂದರಾಗಬೇಕಿಲ್ಲ, ಸಂಜೆ ಹೆಂಡತಿ ಮಕ್ಕಳ ಜೊತೆ ಕುಳಿತು ಉಣ್ಣುವಷ್ಟಾದರೂ ವೇಳೆ ಉಳಿದರೆ ಸಾಕು.

ಎರಡನೆಯ ನಂಬಿಕೆ ಇದಕ್ಕಿಂತ ಮೆತ್ತಗೆ ಕಾಣುತ್ತದೆ, ಹಾನಿ ಮಾತ್ರ ಹೆಚ್ಚು. "ಇದು ನಮ್ಮಿಂದಾಗದು." ಕಂಪ್ಯೂಟರ್ ನಮ್ಮಿಂದಾಗದು, ಜಿಎಸ್‌ಟಿ ನಮಗೆ ತಿಳಿಯದು, ಕಚೇರಿಯ ಮರಾಠಿ ಕಾಗದ ಓದುವುದು ನಮಗೆ ಬಾರದು, ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು. ಹೀಗೆ ಅಂದುಕೊಂಡ ಕೆಲಸವನ್ನು ಯಾರೂ ಬಿಟ್ಟುಬಿಡುವುದಿಲ್ಲ, ಬಿಡುವ ಹಾಗಿಲ್ಲ. ಮುಂದೆ ಹಾಕುತ್ತಾರೆ. ಮುಂದೆ ಹಾಕಿದ ಕೆಲಸ ದಿನವೆಲ್ಲ ತಲೆಯ ಮೂಲೆಯಲ್ಲಿ ಕುಳಿತು ಬೇರೆ ಕೆಲಸಕ್ಕೂ ಅಡ್ಡಿ ಮಾಡುತ್ತದೆ. ಅರ್ಧ ತಾಸಿನ ಕೆಲಸಕ್ಕೆ ಇಪ್ಪತ್ತು ದಿನದ ಚಿಂತೆ.

ಇದರ ಬೆಲೆ ಎಷ್ಟೆಂದು ಜಿಎಸ್‌ಟಿಯಲ್ಲೇ ನೋಡಬಹುದು. 2017ರ ಜುಲೈ 1ರಿಂದ ಬಂದ ಈ ತೆರಿಗೆಯಲ್ಲಿ ತಿಂಗಳಿಗೊಮ್ಮೆ ಸಲ್ಲಿಸುವವರು ಮಾರಾಟದ ವಿವರವಾದ ಜಿಎಸ್‌ಟಿಆರ್-1ನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಯನ್ನು 20ರೊಳಗೆ ಮುಗಿಸಬೇಕು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ವ್ಯವಹಾರವೇ ಇಲ್ಲದ ತಿಂಗಳಿಗೆ 20 ರೂಪಾಯಿ, ಬಾಕಿ ತೆರಿಗೆಗೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ನೀವು ಸಗಟು ವ್ಯಾಪಾರಸ್ಥರಾಗಿದ್ದು ಜಿಎಸ್‌ಟಿಆರ್-1ನ್ನು ತಡ ಮಾಡಿದರೆ, ನಿಮ್ಮಿಂದ ಮಾಲು ಒಯ್ದ ಅಂಗಡಿಯವರ 2ಬಿ ಪಟ್ಟಿಯಲ್ಲಿ ಆ ತಿಂಗಳು ನಿಮ್ಮ ಬಿಲ್ಲು ಕಾಣುವುದಿಲ್ಲ. ನಿಮಗೆ ಕೊಟ್ಟ ತೆರಿಗೆಯ ಜಮೆಯನ್ನು ಆ ತಿಂಗಳು ಅವರು ತೆಗೆದುಕೊಳ್ಳುವ ಹಾಗಿಲ್ಲ. ಒಂದು ಸಲ ಫೋನು ಮಾಡಿ ಹೇಳುತ್ತಾರೆ, ಎರಡನೆಯ ಸಲವೂ ಹೇಳುತ್ತಾರೆ. ಮೂರನೆಯ ಸಲ ಹೇಳುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ. ಅಜ್ಜನ ಕಾಲದಿಂದ ಬಂದ ಗಿರಾಕಿ ಯಾಕೆ ಬಿಟ್ಟ ಎಂದು ನಾವು ದರದಲ್ಲಿ ಕಾರಣ ಹುಡುಕುತ್ತ ಕೂರುತ್ತೇವೆ.

ನಮ್ಮಿಂದಾಗದು ಎನ್ನುವವರು ತಮ್ಮ ಅಜ್ಜ ಮುತ್ತಜ್ಜರನ್ನು ನೆನೆಯಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. 1956ರ ನವೆಂಬರ್ 1ರಂದು ವಿಜಾಪುರ ಬೆಳಗಾವಿಗಳು ಮೈಸೂರಿಗೆ ಬಂದು, ಜತ್ತು, ಅಕ್ಕಲಕೋಟೆ, ಸೋಲಾಪುರಗಳು ಗಡಿಯ ಆಚೆ ಉಳಿದವು. ಕಾಸರಗೋಡು ಕೇರಳದ ಪಾಲಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬರಬರುತ್ತ ತೆಲುಗು, ಮರಾಠಿ, ಮಲಯಾಳ. ಇಷ್ಟರಲ್ಲೇ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು. ಒಂದು ಆಣೆಗೆ ಆರೂಕಾಲು ಪೈಸೆ! ಗಲ್ಲೆಯಲ್ಲಿ ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಬೆರೆತಿದ್ದವು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಸೇರು, ಮಣಗಳು ಹೋಗಿ ಕಿಲೋ ಗ್ರಾಮು ಬಂದವು. ನಾಲ್ಕೈದು ವರ್ಷಗಳ ಒಳಗೆ ಕಚೇರಿಯ ಭಾಷೆ, ನಾಣ್ಯ, ತೂಕ ಮೂರೂ ಬದಲಾದವು. ಹೆಚ್ಚಿನವರು ನಾಲ್ಕನೆಯ ಇಯತ್ತೆಯನ್ನೂ ದಾಟಿರಲಿಲ್ಲ. ಅವರು ಕಲಿತರು, ಅಂಗಡಿ ನಡೆಸಿದರು, ಆ ಅಂಗಡಿಗಳಲ್ಲೇ ಇಂದು ನಾವು ಕುಳಿತಿದ್ದೇವೆ.

ಅಷ್ಟು ದೂರವೂ ಹೋಗುವುದು ಬೇಡ. 2016ರ ನವೆಂಬರ್ 8ರ ರಾತ್ರಿ ಐದುನೂರು, ಸಾವಿರದ ನೋಟುಗಳು ರದ್ದಾದ ಮೇಲೆ, ಮೊಬೈಲಿನಲ್ಲಿ ಹಣ ಪಡೆಯುವುದು ನಮಗೆ ಬಾರದು ಎನ್ನುತ್ತಿದ್ದ ಎಷ್ಟು ಜನ ಅದನ್ನು ಕಲಿತುಬಿಟ್ಟರು! ಇಂದು ತರಕಾರಿ ಗಾಡಿಯ ಮೇಲೂ ಆ ಚೌಕಳಿ ಚಿತ್ರ ತೂಗುತ್ತದೆ. ಹೇಗೆ ಕಲಿತರು? ಯಾರೂ ತರಗತಿಗೆ ಹೋಗಲಿಲ್ಲ. ಪಕ್ಕದ ಅಂಗಡಿಯವರು ಮಾಡುವುದನ್ನು ನೋಡಿದರು, ಹತ್ತು ರೂಪಾಯಿ ಹಾಕಿ ನೋಡಿದರು, ಬಂತು, ಧೈರ್ಯವೂ ಬಂತು.

ಆಲ್ಬರ್ಟ್ ಬಂಡೂರ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಒಂದು ಕೆಲಸ ನನ್ನಿಂದಾಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚಾಗಿ ಹುಟ್ಟುವುದು ಆ ಕೆಲಸವನ್ನು ಸ್ವಲ್ಪವಾದರೂ ತಾನೇ ಮಾಡಿ ಗೆದ್ದಾಗ. ಅದಾದ ಮೇಲೆ, ತನ್ನಂಥವನೇ ಒಬ್ಬನು ಮಾಡುವುದನ್ನು ಕಂಡಾಗ. ಬರಿಯ ಮಾತಿನ ಪ್ರೋತ್ಸಾಹಕ್ಕೆ ಬಲ ಕಡಿಮೆ. ಆದುದರಿಂದ ಮಗನು ಅಪ್ಪನಿಗೆ "ನೀವು ಮನಸ್ಸು ಮಾಡಿದರೆ ಕಲಿಯಬಹುದು" ಎಂದು ನೂರು ಸಲ ಹೇಳುವ ಬದಲು, ಅಪ್ಪನ ವಾರಿಗೆಯ ಒಬ್ಬರು ಬಿಲ್ಲು ಹೊಡೆಯುವ ಅಂಗಡಿಗೆ ಒಂದು ಸಂಜೆ ಅವರನ್ನು ಕರೆದುಕೊಂಡು ಹೋಗಲಿ. ಹದಿನೆಂಟು ವರ್ಷದ ಹುಡುಗ ಬೆರಳು ಓಡಿಸಿ ತೋರಿಸಿದರೆ ಹಿರಿಯರು ಹೆದರುತ್ತಾರೆ. ಅರವತ್ತರ ಹಿರಿಯರು ಕನ್ನಡಕ ಏರಿಸಿ ನಿಧಾನ ಒತ್ತುವುದನ್ನು ಕಂಡರೆ, "ಇಷ್ಟೇ ಏನು?" ಎನ್ನುತ್ತಾರೆ.

ಗೊತ್ತಿಲ್ಲದ ಕೆಲಸಕ್ಕೆ ಹೀಗೆ ಹೆದರುವ ನಾವೇ ಗೊತ್ತಿರುವ ಕೆಲಸದಲ್ಲಿ ಎಂಥ ಹುಂಬರು! "ಅರ್ಧ ತಾಸಿನಾಗ ಸ್ಟಾಕ್ ನೋಡಿಬಿಡ್ತೀನಿ" ಎಂದು ಕುಳಿತರೆ ಸಂಜೆಯಾಗುತ್ತದೆ. ಇದು ನಮ್ಮ ಒಬ್ಬರ ದೋಷವಲ್ಲ. ಕೆನಡಾದಲ್ಲಿ 37 ವಿದ್ಯಾರ್ಥಿಗಳಿಗೆ ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಅವರು ಹೇಳಿದ್ದು ಸರಾಸರಿ 34 ದಿನ, ಹಿಡಿದದ್ದು 55 ದಿನಕ್ಕೂ ಮೇಲೆ. ಹೇಳಿದ ದಿನದೊಳಗೆ ಮುಗಿಸಿದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಾರಣವೂ ಸ್ಪಷ್ಟ. ನಾವು ಮುಂದಿನ ಕೆಲಸವನ್ನು ಕಲ್ಪಿಸಿಕೊಳ್ಳುತ್ತೇವೆಯೇ ಹೊರತು, ಹೋದ ಸಲ ಎಷ್ಟು ಹೊತ್ತಾಯಿತು ಎಂದು ಹಿಂದಿರುಗಿ ನೋಡುವುದಿಲ್ಲ. ರೋಕಡದ ಕೊನೆಯ ಪುಟದಲ್ಲಿ "ಸ್ಟಾಕ್ ಎಣಿಕೆ, ನಾಲ್ಕು ತಾಸು" ಎಂದು ಒಂದು ಸಾಲು ಬರೆದಿಟ್ಟರೆ ಮುಂದಿನ ಸಲ ಗುರುವಾರದ ಸಂತೆಯ ದಿನ ಅದನ್ನು ಹಿಡಿಯುವುದಿಲ್ಲ. ಉದ್ರಿಯನ್ನು ಪೈಸೆ ಬಿಡದೆ ಬರೆಯುವ ನಮಗೆ ಇದು ಕಷ್ಟವೇ?

ಇದಕ್ಕೆ ವಿರುದ್ಧವಾದದ್ದೂ ಇದೆ. ಕೊಟ್ಟ ವೇಳೆಯನ್ನೆಲ್ಲ ಕೆಲಸ ತುಂಬಿಕೊಳ್ಳುತ್ತದೆ ಎಂದು ಪಾರ್ಕಿನ್ಸನ್ ಎಂಬವರು 1955ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ತಮಾಷೆಯಾಗಿ ಬರೆದದ್ದು ಲೋಕಪ್ರಸಿದ್ಧ. 5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸವಲತ್ತು 2021ರ ಜನವರಿಯಿಂದ ಇದೆ. ಒಳ್ಳೆಯದೇ. ಆದರೆ ಎಷ್ಟೋ ಕಡೆ ಪ್ಲಾಸ್ಟಿಕ್ ಚೀಲ ಮಾತ್ರ ಮೂರು ಪಟ್ಟು ದಪ್ಪವಾಗಿದೆ.

ಈಗ ಮನೆಯೊಳಗಿನ ಮಾತು. ನಮ್ಮ ಹಲವು ಮನೆಗಳಿಗೆ ಇಂದು ಬಿ.ಕಾಂ. ಮಾಡಿದ ಸೊಸೆಯಂದಿರು ಬಂದಿದ್ದಾರೆ. ಟ್ಯಾಲಿ ಕಲಿತವರಿದ್ದಾರೆ. ಮಧ್ಯಾಹ್ನ ಮಾವನವರು ಊಟಕ್ಕೆ ಬಂದಾಗ ಸೊಸೆ ಕೇಳುತ್ತಾಳೆ:

"ಮಾವಾರ, ಈ ತಿಂಗಳ ಬಿಲ್ ಎಲ್ಲಾ ನಾ ಮನ್ಯಾಗ ಕುಂತು ತುಂಬ್ತೀನ್ರಿ."

"ಬ್ಯಾಡ ಬಿಡವ್ವಾ, ನಿನಗ್ಯಾಕ ಆ ತ್ರಾಸ."

ಮಾತಿನಲ್ಲಿ ಪ್ರೀತಿ ಇದೆ, ಸಂಶಯವಿಲ್ಲ. ಅದರೊಳಗೆ ಲೆಕ್ಕ ಗಂಡಸರ ಕೆಲಸ ಎಂಬ ನಂಬಿಕೆಯೂ ಇದೆ. ಅಂಗಡಿಯ ಬರವು-ಹೋಗುವು ಸೊಸೆಗೆ ಯಾಕೆ ತಿಳಿಯಬೇಕು ಎಂಬ ಸಣ್ಣ ಅಳುಕೂ ಇದೆ. ಮೂರು ಸಲ ಹೀಗೆ ಕೇಳಿಸಿಕೊಂಡ ಸೊಸೆ ನಾಲ್ಕನೆಯ ಸಲ ಕೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ "ನನಗೆ ಈಗ ಅದೆಲ್ಲ ಮರೆತುಹೋಗಿದೆ" ಎಂದು ಅವಳೇ ಹೇಳುತ್ತಾಳೆ. ನೋಡಿರಿ, ಮಾವನ ನಂಬಿಕೆ ಸೊಸೆಯ ನಂಬಿಕೆಯಾಯಿತು. ಅತ್ತ ಮಾವನವರು ರಾತ್ರಿ ಹತ್ತಕ್ಕೆ ಬಿಲ್ಲುಗಳ ಚೀಲ ಹಿಡಿದುಕೊಂಡು ಕಣ್ಣುಜ್ಜುತ್ತಿದ್ದಾರೆ.

ಮಗನ ವಿಷಯದಲ್ಲೂ ಇಷ್ಟೇ. ಇಪ್ಪತ್ತೈದು ವರ್ಷದ ಮಗನಿಗೆ ಚೆಕ್ಕಿನ ಮೇಲೆ ಸಹಿ ಮಾಡುವ ಅಧಿಕಾರ ಕೊಟ್ಟಿರುವುದಿಲ್ಲ. ಅವನು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದ ಮೇಲೆ "ಈಗಿನ ಹುಡುಗರಿಗೆ ಅಂಗಡಿ ಬೇಡ" ಎನ್ನುತ್ತೇವೆ. ಅವನಿಗೆ ಬೇಡವಾದದ್ದು ಅಂಗಡಿಯೋ, ಅಂಗಡಿಯಲ್ಲಿ ಕೈಕಟ್ಟಿ ನಿಲ್ಲುವುದೋ, ಒಂದು ಸಲ ಅವನನ್ನೇ ಕೇಳಬೇಕಿತ್ತು. ಗಡಿನಾಡಿನ ನಮ್ಮ ಊರುಗಳಲ್ಲಿ ಮೂರು ತಲೆಮಾರಿನ ಅಂಗಡಿಗಳು ಬಾಗಿಲು ಹಾಕುತ್ತಿರುವುದಕ್ಕೆ ಮಾಲ್‌ಗಳು, ಆನ್‌ಲೈನ್ ವ್ಯಾಪಾರ ಮುಂತಾದ ಕಾರಣಗಳು ಇದ್ದೇ ಇವೆ. ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಎಲ್ಲವೂ ಮನಸ್ಸಿನ ಆಟ, ಮನಸ್ಸು ಬದಲಿಸಿದರೆ ಇಪ್ಪತ್ನಾಲ್ಕು ತಾಸು ಮೂವತ್ತಾಗುತ್ತದೆ ಎಂದು ಹೇಳುವ ಭಾಷಣಕಾರರನ್ನು ನಾವು ಒಪ್ಪುವುದಿಲ್ಲ. ಗಂಡನನ್ನು ಕಳೆದುಕೊಂಡು ಒಬ್ಬಳೇ ಕಿರಾಣಿ ಅಂಗಡಿ ನಡೆಸುತ್ತ ಎರಡು ಮಕ್ಕಳನ್ನು ಓದಿಸುವ ತಾಯಿಗೆ ಪುರುಸೊತ್ತಿಲ್ಲ ಎಂದರೆ ನಿಜವಾಗಿಯೂ ಇಲ್ಲ. ಅಂಥವರಿಗೆ ಉಪದೇಶ ಬೇಡ, ಕೈ ಬೇಕು. ಲೆಕ್ಕ ಬಲ್ಲ ನಮ್ಮ ಯುವಕ ಯುವತಿಯರು ತಿಂಗಳಿಗೆ ಒಂದು ರವಿವಾರ ಬಸದಿಯ ಸಭಾಗೃಹದಲ್ಲಿ ಕುಳಿತು ಇಂಥ ನಾಲ್ಕು ಅಂಗಡಿಗಳ ಬಿಲ್ಲು ತುಂಬಿಕೊಟ್ಟರೆ ಅದು ದೊಡ್ಡ ಉಪಕಾರ.

ಉಳಿದವರಿಗೆ ನಮ್ಮದೊಂದು ಸೂಚನೆ. ಸಾಮಾಯಿಕಕ್ಕೆ ನಾವು ಕೂರುವುದು ಒಂದು ಮುಹೂರ್ತ, ಎರಡು ಘಳಿಗೆ, ಅಂದರೆ 48 ನಿಮಿಷ. ಆ ಹೊತ್ತಿನಲ್ಲಿ ಯಾರೂ ನಮ್ಮನ್ನು ಕರೆಯುವುದಿಲ್ಲ, ಫೋನು ಎತ್ತುವುದಿಲ್ಲ, ಮನೆಯವರಿಗೆಲ್ಲ ಅದು ಗೊತ್ತು. ಅದೇ ಅಳತೆಯ ಇನ್ನೊಂದು ಮುಹೂರ್ತವನ್ನು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು, ನಾವು ಮುಂದೆ ಹಾಕುತ್ತ ಬಂದ ಕೆಲಸಕ್ಕೆ ಕೊಡಬಹುದು. ಮೊದಲ ವಾರ ನಿನ್ನೆಯ ಬಿಲ್ಲುಗಳನ್ನು ತಾರೀಖಿನಂತೆ ಜೋಡಿಸುವುದಷ್ಟೇ ಇರಲಿ. ಎರಡನೆಯ ವಾರ ಸೊಸೆಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರು ತುಂಬಲಿ, ನೀವು ಓದಿ ಹೇಳಿರಿ. ಮೂರನೆಯ ವಾರ ಓದುವುದನ್ನೂ ಅವರಿಗೆ ಬಿಟ್ಟು ನೋಡುತ್ತ ಕುಳಿತಿರಿ. ಕೈ ಹಾಕಬೇಡಿರಿ, ಕಷ್ಟವಾದರೂ ತಡೆದುಕೊಳ್ಳಿರಿ. ನಾಲ್ಕನೆಯ ವಾರ ಆ ಹೊತ್ತಿಗೆ ಮೊಣಕಾಲು ತೋರಿಸಲು ಡಾಕ್ಟರರ ಹತ್ತಿರ ಹೋಗಿಬನ್ನಿರಿ. ಬಂದು ನೋಡಿದರೆ ಒಂದೆರಡು ತಪ್ಪುಗಳು ಇದ್ದೇ ಇರುತ್ತವೆ. 11ನೆಯ ತಾರೀಖಿಗೆ ಇನ್ನೂ ದಿನವಿದ್ದರೆ ತಿದ್ದಬಹುದು.

ಉದ್ರಿ ವಸೂಲಿಗೆ ಓಡಾಡುವುದರಲ್ಲಿ ನಮ್ಮ ವೇಳೆ ಹೇಗೆ ಹೋಗುತ್ತದೆ, ಕೇಳಲು ಯಾಕೆ ನಾಚುತ್ತೇವೆ ಎಂಬುದು ಬೇರೆಯೇ ದೊಡ್ಡ ಪ್ರಕರಣ. ಅದು ಮುಂದಿನ ಸಂಚಿಕೆಗೆ ಇರಲಿ.